ಕಪ್ಪು ಕಷಾಯ

ಮಖ್ತಲ್‌ನಿಂದ ನಾರಾಯಣಪೇಟೆವರೆಗೆ ನನ್ನ ಕಷಾಯ ಕುಡಿದು ಎದ್ದು ಕೂತವರನ್ನು ಸಾಲಾಗಿ ನಿಲ್ಲಿಸಿದರೆ ಕೃಷ್ಣಾ ನದಿಗೆ ಇನ್ನೊಂದು ಸೇತುವೆಯೇ ಬೇಕಾಗದು. ನನ್ನ ಅರಿಶಿನ ಕಂಡರೆ ಕಾಮಾಲೆಯೇ ನಾಚಿ ಬೆಳ್ಳಗಾಗುತ್ತದೆ. ಇಂಥ ನಾಟಿ ವೈದ್ಯ ಕುರುಮಯ್ಯ ನಾನು, ನನ್ನ ಮನೆಯಲ್ಲೇ ಒಂಬತ್ತು ವರ್ಷದ ಮೊಮ್ಮಗಳು ಮೌನಿಕಾಗೆ ಥಲಸ್ಸೇಮಿಯಾ. ತಂದೆ ತಾಯಿ ಇಬ್ಬರಿಂದಲೂ ಬಂದ ರಕ್ತದ ರೋಗ. ಮೂರು ವಾರಕ್ಕೊಮ್ಮೆ ಬಸ್ಸು ಹತ್ತಿ ಗದ್ವಾಲದ ಆಸ್ಪತ್ರೆಗೆ ಹೋಗಿ ರಕ್ತ ಹಾಕಿಸಬೇಕು.

ನಾರಾಯಣಪೇಟೆ ಜಿಲ್ಲೆಯಾದ ವರ್ಷ, ಅಲ್ಲಿನ ರಾಯಚೂರು ಕಡೆಯ ಡಾಕ್ಟರಮ್ಮ ಎಚ್ಚರಿಸಿದರು. "ಹಾಕಿದ ರಕ್ತದಿಂದ ಮೈಯಾಗ ಕಬ್ಬಿಣ ಕೂಡೇತ್ರಿ. ಅದನ್ನ ಇಳಸಾಕ ಈ ಗುಳಿಗಿ ಕೊಡ್ರಿ. ಮೂರು ತಿಂಗಳಾಗ ಇಳೀಲಿಲ್ಲಂದ್ರ ದಿನಾ ಹೊಟ್ಟಿಗೆ ಸೂಜಿ ಚುಚ್ಚಿ ಔಷಧದ ಪಂಪ್ ಹಚ್ಚಬೇಕಾಗ್ತೈತಿ."

"ನಮ್ಮ ಹುಡುಗಿ ಮೊಳಿ ನುಂಗಿಲ್ರೀ," ಎಂದೆ. ಅವರು ನಗಲಿಲ್ಲ.

"ಅರಿಶಿಣ ಕೊಡಬೌದೇನ್ರೀ?"

"ಅಡಿಗ್ಯಾಗ ಹಾಕೋವಷ್ಟು ಕೊಡ್ರಿ. ಗುಳಿಗಿ ಜೊತಿಗೆ, ಗುಳಿಗಿ ಬದಲಿಗಲ್ಲ. ಊಟದ ಜೊತಿ ಹಾಲಿಲ್ಲದ ಚಾ ಕುಡಿಸ್ರಿ, ಅದು ಉಂಡದ್ರಾಗಿನ ಕಬ್ಬಿಣ ಮೈಗೆ ಹತ್ತಗೊಡಂಗಿಲ್ಲ."

ಚಹಾ ಯಾರು ಬೇಕಾದರೂ ಕಾಸುತ್ತಾರೆ, ಅದಕ್ಕೆ ಕುರುಮಯ್ಯ ಬೇಕೇ? ಅರಿಶಿನಕ್ಕೆ ನೆಲ್ಲಿಕಾಯಿ ಸೇರಿಸಿ, ಆನೆ ಮಲಗುವಷ್ಟು ದೊಡ್ಡ ಕಡಾಯಿಯಲ್ಲಿ ಕುದಿಸಿದೆ. ಕಾಡಿಗೆಯೂ ಸೋಲುವ ಕಪ್ಪು ಇಳಿಯಿತು.

"ಮುತ್ಯಾ, ಇದು ಹಂಚಿನ ಮಸಿ ಇದ್ದಂಗೈತಿ," ಎಂದಳು ಮೌನಿಕಾ.

"ಕಪ್ಪಾದಷ್ಟೂ ಕಸುವು ಐತವ್ವ, ಕುಡಿ."

ಸೊಸೆ ಹುಸೇನಮ್ಮ ಗುಳಿಗೆಯನ್ನೂ ತಪ್ಪಿಸಲಿಲ್ಲ, ಚಹಾವನ್ನೂ. ಆದರೂ ಮೂರು ತಿಂಗಳ ಮೇಲೆ ರಿಪೋರ್ಟಿನಲ್ಲಿ ಕಬ್ಬಿಣ ಏರಿಯೇ ಇತ್ತು.

"ಗುಳಿಗಿ ಬಿಟ್ಟಿರೇನವ್ವಾ?" ಡಾಕ್ಟರಮ್ಮ ಹುಸೇನಮ್ಮನನ್ನೇ ಕೇಳಿದರು.

"ಬೀರಪ್ಪನಾಣಿ, ಒಂದೂ ಬಿಟ್ಟಿಲ್ರೀ." ಗುಳಿಗೆ ಮುಗಿದ ಖಾಲಿ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಡಾಕ್ಟರಮ್ಮನ ಮುಖದಲ್ಲಿ ನಂಬಿಕೆ ಕಾಣಲಿಲ್ಲ.

"ಮುತ್ಯಾನ ಕಪ್ಪು ಕಷಾಯನೂ ಕುಡದೀನ್ರಿ," ಎಂದಳು ಮೌನಿಕಾ.

"ಯಾತರಾಗ ಕುದಿಸ್ತೀರಿ?"

ಎದೆ ಉಬ್ಬಿತು. "ನಮ್ಮಜ್ಜನ ಕಾಲದ ಕಡಾಯಿರೀ. ನಾಕು ಮಂದಿ ಎತ್ತಬೇಕು. ಅಪ್ಪಟ ಕಬ್ಬಿಣ..."

ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನ ಕಿವಿಗೂ ಕೇಳಿಸಿತು.

"ನೆಲ್ಲಿಕಾಯಿ ಹುಳಿ ಕಡಾಯಿನ ಕರಗಿಸೇತ್ರಿ. ಆ ಕಪ್ಪು ಅದೇ."

"ಕಡಾಯಿ ಬಿಟ್ಟು ಇನ್ನೊಂದು ಮೂರು ತಿಂಗಳು ನೋಡೂಣೇನ್ರೀ?" ಎಂದು ಕೇಳಿದೆ.

"ಕಾಯಾಕ ಆಗಂಗಿಲ್ರಿ."

ಬಸ್ಸಿನಲ್ಲಿ ಪಂಪಿನ ಡಬ್ಬಿ ಹುಸೇನಮ್ಮನ ತೊಡೆಯ ಮೇಲಿತ್ತು. ನಾನು ಹಿಡಿಯಲು ಕೈ ಚಾಚಿದೆ.

"ಬ್ಯಾಡ ಮಾಮಾ," ಎಂದಳು, ಕಿಟಕಿ ಕಡೆಯೇ ನೋಡುತ್ತ.

ಈಗ ಊಟದ ಹೊತ್ತಿಗೆ ಚಹಾ ಕಾಸುವುದು ನಾನೇ. ಮೌನಿಕಾ ಲೋಟದೊಳಗೆ ಇಣುಕಿ, ಬಣ್ಣ ನೋಡಿ, ಆಮೇಲೆ ಕೇಳುತ್ತಾಳೆ.

"ಯಾತರಾಗ ಕಾಸಿದಿ, ಮುತ್ಯಾ?"

"ಸ್ಟೀಲಿನ್ಯಾಗವ್ವ."

ಅವಳು ಎದ್ದು ಹೋಗಿ ಒಲೆಯ ಮೇಲಿನ ಪಾತ್ರೆ ನೋಡಿ ಬಂದು, ಆಮೇಲೆ ಕುಡಿಯುತ್ತಾಳೆ.