ರಾಜಿ ಇಡ್ತಾಳೆ ಅಂದವರು ಯಾರು?

ಪ್ರೆಸಿಡೆಂಟ್ ನಿಮಿಷಾಳಿಗೆ ಮೊದಲ ವಿರೋಧ ಪಕ್ಷವೆಂದರೆ ಅವಳ ಹೆಸರೇ. “ಒಂದು ನಿಮಿಷ ಬೇಕಿತ್ತಲ್ಲ” ಎಂದು ಯಾರಾದರೂ ಪಂಚಾಯ್ತಿ ಆಫೀಸಿನ ಬಾಗಿಲಲ್ಲಿ ನಿಂತರೆ, “ಇರೋದೇ ಒಂದು, ಅದೂ ಮೀಟಿಂಗಿನಲ್ಲಿದೆ” ಎಂದು ಒಳಗಿನ ಗುಮಾಸ್ತರಿಂದ ಉತ್ತರ ಬರುತ್ತಿತ್ತು. ಕಲ್ಲುಕಡವು ಪಂಚಾಯ್ತಿಯಲ್ಲಿ ಈ ಜೋಕಿಗೆ ನಗದವರು ಇಬ್ಬರೇ. ಒಬ್ಬಳು ನಿಮಿಷ, ಇನ್ನೊಬ್ಬರು ಅವಳ ಅಪ್ಪ ಶಿವನಂಜಪ್ಪ.

ಶಿವನಂಜಪ್ಪನವರ ತಂದೆ ಬಾವಲಿಯಿಂದ ಬಂದು, ಮಲಯಾಳದ ನಾಡಾದ ಪುಲ್ಪಳ್ಳಿಯ ಈಚೆಗೆ ಮೆಣಸಿನ ಬಳ್ಳಿ ಹಬ್ಬಿಸಿದವರು. ಬಳ್ಳಿಯ ಜತೆ ಮೆಂಬರ್‌ಗಿರಿಯೂ ಹಬ್ಬಿತು. ಮಗ ಶಿವನಂಜಪ್ಪ ಎರಡು ಅವಧಿಗೆ ಪ್ರೆಸಿಡೆಂಟರಾದರು. ಮೂರನೆಯ ಸಲ ಕುರ್ಚಿ ಹೆಂಗಸರಿಗೆ ಮೀಸಲಾದಾಗ, ಕಲ್ಪೆಟ್ಟೆಯ ಟ್ಯೂಷನ್ ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದ ಮಗಳನ್ನು ಕರೆಸಿ ಕೂರಿಸಿದರು. ಚರಿತ್ರೆ ಓದಿದವಳಿಗೆ ವಂಶಾವಳಿ ಅರ್ಥವಾಗದೆ ಇರುತ್ತದೆಯೇ?

ಮೊದಲ ವರ್ಷ ಅಪ್ಪ ಎದುರಿನ ಕುರ್ಚಿಯಲ್ಲಿ ಕೂತು ಕೆಮ್ಮುತ್ತಿದ್ದರು. ಒಂದು ಕೆಮ್ಮಿಗೆ ಸಹಿ ಹಾಕು ಎಂದರ್ಥ, ಎರಡು ಕೆಮ್ಮಿಗೆ ಬೇಡ ಎಂದರ್ಥ. ಒಂದು ದಿನ ಎರಡು ಕೆಮ್ಮಿನ ಫೈಲಿಗೆ ನಿಮಿಷ ಸಹಿ ಹಾಕಿದಳು. ಹೊಳೆದಂಡೆಯ ಕಲ್ಲುಕೋರೆಯೊಂದು ನಿಂತುಹೋಯಿತು. ಅಂದಿನಿಂದ ಅಪ್ಪ ಆಫೀಸಿಗೆ ಬರುವುದನ್ನು ಬಿಟ್ಟರು. ಕೆಮ್ಮು ಮನೆಯಲ್ಲಿ ಮುಂದುವರಿಯಿತು.

ಈಗ ಅವಳ ಮೇಲೆ ಅವಿಶ್ವಾಸ ನಿರ್ಣಯ ಬಂದಿತ್ತು. ಮರುದಿನವೇ ಓಟು. ಹದಿಮೂರು ಮೆಂಬರುಗಳಲ್ಲಿ ಆರು ಜನ ವಿರೋಧ ಪಕ್ಷದ ಉಣ್ಣಿಯ ಕಡೆ, ಏಳು ಜನ ಇವಳ ಕಡೆ. ಆ ಏಳನೆಯವಳು ಮರಕ್ಕಡವಿನ ವಿಮಲಕ್ಕ, ಯಾವ ಪಕ್ಷಕ್ಕೂ ಸೇರದ ಜೈನರ ಮನೆಯ ಹೆಂಗಸು. ಪಕ್ಷ ಎಂದರೆ ಕನ್ನಡದಲ್ಲಿ ಪಾರ್ಟಿ, ಮಲಯಾಳದಲ್ಲಿ ‘ಪಕ್ಷೇ’ ಎಂದರೆ ‘ಆದರೆ’. ವಿಮಲಕ್ಕ ಎರಡನೆಯ ಪಕ್ಷದವಳು. ಯಾವ ಮಾತಿಗೂ ಒಂದು ‘ಆದರೆ’ ಹಾಕದೆ ಒಪ್ಪುತ್ತಿರಲಿಲ್ಲ.

ನಿಮಿಷಾಳಿಗೆ ಕುರ್ಚಿ ಉಳಿಯಬೇಕಿತ್ತು. ಅಪ್ಪನ ಮಗಳಾಗಿ ಹತ್ತಿದ್ದ ಕುರ್ಚಿಯಿಂದ ಅಪ್ಪನ ಮಗಳಾಗಿಯೇ ಇಳಿದುಬಿಟ್ಟರೆ, ನಡುವೆ ತಾನು ಇದ್ದದ್ದೇ ಸುಳ್ಳಾಗುತ್ತದೆ ಎಂಬ ಹಟ.

ಅಂಥ ಹೊತ್ತಿನಲ್ಲಿ ವಿಮಲಕ್ಕ ಆಫೀಸಿಗೆ ಬಂದಳು. ಕೊಡೆಯನ್ನೂ ಮಡಚಲಿಲ್ಲ.

“ಕೂತ್ಕೊಳ್ಳಿ ವಿಮಲಕ್ಕ.”

“ಕೂತ್ಕೊಳ್ಳಕ್ಕೆ ಬಂದಿಲ್ಲ ಮೋಳೇ. ನಿನ್ನ ಮುಖ ನೋಡಕ್ಕೆ ಬಂದೆ.” ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ; ಸಿಟ್ಟಿನಲ್ಲೂ ಅವಳ ಬಾಯಿಗೆ ಅದೇ ಬರುತ್ತಿತ್ತು.

“ನನ್ನ ಮುಖಾನಾ?”

“ಹೂಂ. ರಾಜಿ ಮಾಡ್ಕೊಂಡೋರ ಮುಖ ಹೆಂಗಿರ್ತದೆ ಅಂತ. ಉಣ್ಣಿ ಜತೆ ಎಲ್ಲಾ ಒಳಗೊಳಗೇ ಆಯ್ತಲ್ಲ. ನಿಂಗೋಸ್ಕರ ಅವ್ರ ಹತ್ರ ಬೈಸ್ಕೊಂಡಿದ್ದು ನಾನು, ಕೈ ಕುಲುಕಿದ್ದು ನೀನು. ಶರಿ. ನಾಳೆ ನನ್ನ ಓಟು ಉಣ್ಣಿಗೇ. ಹೇಳದೆ ಹಾಕೋ ಅಭ್ಯಾಸ ಇಲ್ಲ, ಅದಕ್ಕೆ ಬಂದೆ.”

ನಿಮಿಷ ಎದ್ದು ನಿಂತಳು. “ಯಾರು ಹೇಳಿದ್ರು ನಿಮಗೆ?”

“ಬೇರೆ ಯಾರು ಹೇಳ್ಬೇಕು? ನಿಮ್ಮಪ್ಪನೇ. ನೆನ್ನೆ ಸಂಜೆ ಫೋನ್ ಬಂತು.”

ಮರಕ್ಕಡವಿನಲ್ಲಿ ಮೊಬೈಲು ಹಿಡಿದರೆ ಹೊಳೆಯಾಚೆಯ ಕರ್ನಾಟಕದ ಟವರು ‘ಸ್ವಾಗತ’ ಎನ್ನುತ್ತದೆ, ಆಮೇಲೆ ಮಾತೇ ಆಡುವುದಿಲ್ಲ. ಹಾಗಾಗಿ ವಿಮಲಕ್ಕನ ಮನೆಯಲ್ಲಿ ಇನ್ನೂ ಹಳೆಯ ಲ್ಯಾಂಡ್‌ಲೈನ್. ಯಾವ ನಂಬರಿನಿಂದ ಬಂತೆಂದು ತೋರಿಸುವ ಕಿಟಕಿ ಅದಕ್ಕಿಲ್ಲ. ಸ್ವರವೇ ಗುರುತು.

“ಏನಂದ್ರು? ಅಂದದ್ದು ಅಂದಂಗೇ ಹೇಳಿ.”

ವಿಮಲಕ್ಕ ಗಂಟಲು ದಪ್ಪ ಮಾಡಿಕೊಂಡಳು. “‘ವಿಮಲಾ, ನಿಮಿಷ ರಾಜಿ ಇಡ್ತಾಳೆ. ಎಲ್ಲಾ ಮಾತಾಗಿದೆ. ನೀನು ಸುಮ್ನೆ ನಿಷ್ಠುರ ಕಟ್ಕೋಬೇಡ, ಉಣ್ಣಿ ಕಡೆಗೇ ಹಾಕ್ಬಿಡು.’ ಇಷ್ಟೇ. ಆಮೇಲೆ ಒಂದು ಕೆಮ್ಮು.”

“ರಾಜಿ ಮಾಡ್ಕೊತಾಳೆ ಅಂದ್ರಾ, ಇಡ್ತಾಳೆ ಅಂದ್ರಾ?”

“ಇಡ್ತಾಳೆ. ನಂಗೇನು ಕಿವಿ ಇಲ್ವಾ?”

ನಿಮಿಷ ಮೆಲ್ಲಗೆ ಕೂತಳು. ಕನ್ನಡದಲ್ಲಿ ರಾಜಿ ಮಾಡಿಕೊಳ್ಳುತ್ತಾರೆ, ರಾಜಿ ಆಗುತ್ತಾರೆ. ಯಾರೂ ರಾಜಿಯನ್ನು ಇಡುವುದಿಲ್ಲ, ಅದೇನು ಹಾಲಿನ ಪಾತ್ರೆಯಲ್ಲ. ಇಡುವವರು ಮಲಯಾಳಿಗಳು. ನಾವು ರಾಜೀನಾಮೆ ಎನ್ನುವುದನ್ನು ಅವರು ಬಾಲ ಕತ್ತರಿಸಿ ರಾಜಿ ಎನ್ನುತ್ತಾರೆ, ಅದನ್ನು ಕೊಡುವ ಬದಲು ‘ವೆಕ್ಕು’ತ್ತಾರೆ, ಅಂದರೆ ಇಡುತ್ತಾರೆ. ಕನ್ನಡದವನು ರಾಜಿಯಾದರೆ ಕುರ್ಚಿ ಉಳಿಯುತ್ತದೆ. ಮಲಯಾಳದವನು ರಾಜಿಯಿಟ್ಟರೆ ಕುರ್ಚಿ ಹೋಗುತ್ತದೆ. ವಿಮಲಕ್ಕನಿಗೆ ಎರಡು ಭಾಷೆಯೂ ಬರುತ್ತದೆ. ಆದರೆ ಫೋನು ಕನ್ನಡದಲ್ಲಿ ಬಂತು, ಅವಳು ಕನ್ನಡದ ಕಿವಿಯನ್ನೇ ಕೊಟ್ಟಿದ್ದಳು.

“ವಿಮಲಕ್ಕ, ಅದರರ್ಥ ನಾನು ರಾಜೀನಾಮೆ ಕೊಡ್ತೀನಿ ಅಂತ. ನಾನು ಅದನ್ನೂ ಕೊಡ್ತಿಲ್ಲ, ಇದನ್ನೂ ಮಾಡ್ಕೊಂಡಿಲ್ಲ. ಆ ಫೋನು ಅಪ್ಪಂದಲ್ಲ. ತಲೆಯೊಳಗೆ ಮಲಯಾಳ ಇಟ್ಕೊಂಡು ಬಾಯಲ್ಲಿ ಕನ್ನಡ ಆಡಿದೋರದ್ದು. ನಮ್ಮಪ್ಪ ಮನೇಲಿ ವೆಳ್ಳಂ ಅಂದ್ರೆ ನೀರೇ ಕೊಡ್ತಿರಲಿಲ್ಲ. ನೀರು ಅನ್ನೋವರೆಗೆ ಬಾಯಾರ್ಕೊಂಡು ನಿಂತಿರ್ಬೇಕಿತ್ತು.”

“ಸ್ವರ ಅವ್ರದ್ದೇ.”

“ಅವರ ಸ್ವರ ಮಾಡೋರು ಪುಲ್ಪಳ್ಳೀಲಿ ಒಬ್ಬ ಇದ್ದಾನೆ.”

ವಿಮಲಕ್ಕ ಕೊಡೆಯ ತುದಿಯಿಂದ ನೆಲ ಕುಟ್ಟಿದಳು. “ಹಂಗಿದ್ರೆ ಆ ಮನುಷ್ಯನ್ನ ನನ್ನ ಮುಂದೆ ತಂದು ನಿಲ್ಸು. ಆಮೇಲೆ ಓಟಿನ ಮಾತು.”

ಆ ಒಬ್ಬ ಅರುಣ್. ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿಯವನು, ಕ್ಲಬ್ಬುಗಳ ವಾರ್ಷಿಕೋತ್ಸವದಲ್ಲಿ ಮಿಮಿಕ್ರಿ ಮಾಡುವವನು. ಅವನ ಕಾರ್ಯಕ್ರಮದಲ್ಲಿ ಆನೆ, ಬಸ್ಸು, ಮಂತ್ರಿ ಎಲ್ಲ ಮುಗಿದ ಮೇಲೆ ಕೊನೆಗೆ ಶಿವನಂಜಪ್ಪ ಬರುತ್ತಿದ್ದರು; ಜನ ಅಲ್ಲಿಯವರೆಗೂ ಏಳುತ್ತಿರಲಿಲ್ಲ. ಮೇಲಾಗಿ ಅವನು ಉಣ್ಣಿಯ ಪಕ್ಷದವನು.

ನಿಮಿಷ ಪಂಚಾಯ್ತಿ ಜೀಪು ಹತ್ತಿದಳು. ಡ್ರೈವರ್ ಹೆಸರು ಕುಳ್ಳನ್, ಎತ್ತರ ಆರಡಿ. ಅಪ್ಪನ ಕಾಲದಿಂದಲೂ ಸ್ಟೇರಿಂಗ್ ಅವನದೇ.

ಅರುಣ್ ಆರೋಪ ಕೇಳಿ ಹೆದರಲಿಲ್ಲ. ಹೆಮ್ಮೆಯಿಂದ ಕಾಲರ್ ಸರಿಮಾಡಿಕೊಂಡು, ಅಕ್ಕ ಎನ್ನುವ ಬದಲು ಮಲಯಾಳದ ಚೇಚಿ ಎಂದ.

“ಪ್ರೆಸಿಡೆಂಟ್ ಚೇಚೀ, ಅವ್ರನ್ನ ನಾನು ಮಾಡೋದು ನಿಜ. ನೋಡಿ.” ಗಲ್ಲ ಒಳಗೆಳೆದು, ಕೌಂಟರಿನ ಮೇಲೆ ಕೈ ಊರಿ, “ಮಾನ್ಯರೇ... ಖ್ಹೊಂ... ಞಾನ್ ನಿಙ್ಙಳುಡೆ ಸ್ವಂತಂ ಶಿವನಂಜಪ್ಪ!” ಎಂದ.

ಹೊರಗೆ ಜೀಪಿಗೆ ಒರಗಿದ್ದ ಕುಳ್ಳನ್ ಸೇದುತ್ತಿದ್ದ ಬೀಡಿಯನ್ನು ಬಿಸಾಕಿ ನೆಟ್ಟಗೆ ನಿಂತ.

“ಇದನ್ನೇ ಕನ್ನಡದಲ್ಲಿ ಹೇಳು,” ಎಂದಳು ನಿಮಿಷ.

ಅರುಣ್ ಮತ್ತೆ ಗಲ್ಲ ಒಳಗೆಳೆದ. “ನಾನು... ನಿಮ್ಮ... ಸೊಂತ...” ಸ್ವರ ಕಾಲು ಜಾರಿತು. ಶಿವನಂಜಪ್ಪ ಹೋಗಿ, ಕೊನೆಯುಸಿರು ಎಳೆಯುವ ಸಿನಿಮಾ ಅಜ್ಜ ಬಂದ. ಇನ್ನೊಮ್ಮೆ ಪ್ರಯತ್ನಿಸಿದ. ಈ ಸಲ ಅಜ್ಜ ಸತ್ತೇಹೋದ. ಕುಳ್ಳನ್ ಇನ್ನೊಂದು ಬೀಡಿ ಹಚ್ಚಿ, ಮೊಬೈಲು ಕಿವಿಗಿಟ್ಟುಕೊಂಡು ಜೀಪಿನ ಆಚೆಗೆ ಸರಿದ.

“ಪಟ್ಟಿಲ್ಲ ಚೇಚೀ, ಆಗೋದಿಲ್ಲ. ಮೈಕಿನ ಶಿವನಂಜಪ್ಪ ನನ್ನ ಹತ್ರ ಇದ್ದಾರೆ. ಮೈಕಲ್ಲಿ ಅವರು ಯಾವತ್ತೂ ಮಲಯಾಳ ಅಲ್ಲವೋ? ಮನೆ ಶಿವನಂಜಪ್ಪನ್ನ ನಾನು ಕೇಳೇ ಇಲ್ಲ. ಕೇಳದೆ ಇರೋದನ್ನ ಹೆಂಗೆ ಮಾಡ್ಲಿ?” ಆಮೇಲೆ ಅವನೇ ಯೋಚಿಸಿ ಸ್ವರ ತಗ್ಗಿಸಿದ. “ಯಾರು ಮಾಡಿದ್ರೂ ಅವರ ಕನ್ನಡ ಕೇಳ್ಕೊಂಡು ಬೆಳೆದವರೇ ಮಾಡ್ಬೇಕು. ನಿಮ್ಮ ಮನೇಲಿ ಎಷ್ಟು ಜನ ಚೇಚೀ?”

ಮನೆಯಲ್ಲಿ ಇಬ್ಬರೇ. ಒಬ್ಬಳು ಅಂಗಡಿಯಲ್ಲಿ ನಿಂತಿದ್ದಳು.

ನಿಮಿಷ ಜೀಪನ್ನು ಮನೆಗೆ ಬಿಡಲು ಹೇಳಿದಳು. ಕುಳ್ಳನ್ ಎರಡು ಸಲ ಕನ್ನಡಿಯಲ್ಲಿ ಅವಳನ್ನು ನೋಡಿದ. ‘ಇವನು ಯಾಕೆ ನೋಡುತ್ತಾನೆ?’ ಎಂದುಕೊಂಡಳು. ಅನುಮಾನ ಶುರುವಾದರೆ ಹಿಂದೆ ನೋಡುವ ಕನ್ನಡಿಯೂ ಬೇಹುಗಾರನೇ.

ಶಿವನಂಜಪ್ಪ ಜಗುಲಿಯಲ್ಲಿ ಪೇಪರು ಹಿಡಿದು ಹಾಲಿಲ್ಲದ ಕಟ್ಟನ್ ಚಾ ಕುಡಿಯುತ್ತಿದ್ದರು. ಜೀಪಿನ ಸದ್ದಿಗೂ ಪೇಪರು ಇಳಿಯಲಿಲ್ಲ.

ನೇರವಾಗಿ ಕೇಳಿದರೆ ಅಪ್ಪ ನೇರವಾಗಿ ಸುಳ್ಳು ಹೇಳುತ್ತಾರೆಂದು ನಿಮಿಷಾಳಿಗೆ ಗೊತ್ತಿತ್ತು. ಆದ್ದರಿಂದ ಬಳಸು ದಾರಿ ಹಿಡಿದಳು. “ಅಪ್ಪ, ಅಜ್ಜ ಮೆಂಬರ್‌ಗಿರಿ ಬಿಟ್ಟದ್ದು ಹೆಂಗೆ? ಯಾರೋ ಕೇಳ್ತಿದ್ರು.”

ಪೇಪರು ಇಳಿಯಿತು. ಮನೆತನದ ಕಥೆ ಎಂದರೆ ಅಪ್ಪನಿಗೆ ಚಾ ಬೇಡ, ಸಕ್ಕರೆ ಬೇಡ. “ಬಿಟ್ಟದ್ದಲ್ಲಮ್ಮ! ರಸ್ತೆ ವಿಷಯಕ್ಕೆ ಜಗಳ ಆಯ್ತು. ಆಫೀಸರ್ ಮುಂದೆ ಮೇಜು ಕುಟ್ಟಿ ರಾಜಿ ಇಟ್ರು. ಗಂಡಸು ಅಂದ್ರೆ ಅವರು.”

“ಏನಿಟ್ರು?”

“ರಾಜಿ. ತುಂಬಿದ ಸಭೇಲಿ ಇಟ್ರು.”

“ಕನ್ನಡದಲ್ಲಿ ರಾಜೀನಾಮೆ ಕೊಟ್ರು ಅಂತಾರಲ್ವಾ ಅಪ್ಪ?”

“ಅದೇ...” ಎಂದವರು ಅಲ್ಲಿಗೇ ನಿಂತರು. ಚಾ ಲೋಟವನ್ನು ಕೆಳಗೆ ಇಟ್ಟರು.

ನೀರು, ಅನ್ನ, ಬೇಲಿ, ಬಳ್ಳಿ ಎಲ್ಲದಕ್ಕೂ ಮನೆಯಲ್ಲಿ ಕನ್ನಡವಿತ್ತು. ರಾಜೀನಾಮೆಯ ಮಾತು ಮಾತ್ರ ಈ ಮನೆಯೊಳಗೆ ಯಾರಿಗೂ ಬೇಕಾಗಿರಲಿಲ್ಲ; ಅಜ್ಜ ಬಿಟ್ಟದ್ದೂ ಮಲಯಾಳದ ಸಭೆಯಲ್ಲೇ. ಕುರ್ಚಿ ಬಿಡುವುದು ಹೇಗೆಂದು ಶಿವನಂಜಪ್ಪ ಕೇಳಿದ್ದೆಲ್ಲ ಆಫೀಸಿನಲ್ಲಿ, ಬೇರೆಯವರ ಬಾಯಲ್ಲಿ, ಮಲಯಾಳದಲ್ಲಿ.

“ವಿಮಲಕ್ಕಂಗೆ ಫೋನ್ ಮಾಡಿದ್ದು ನೀವು.”

“ನಿನ್ನ ಒಳ್ಳೇದಕ್ಕೇ ಮಾಡ್ದೆ. ಸೋತು ಇಳಿದೋರನ್ನ ಮತ್ತೆ ಯಾರೂ ಹತ್ಸಲ್ಲ. ತಾನಾಗಿ ಇಳಿದ್ರೆ ಮರ್ಯಾದೆ ಉಳೀತದೆ.”

“ನಾನು ಸೋಲ್ತಿರಲಿಲ್ಲ. ಏಳು ಜನ ಇದ್ರು. ಉಣ್ಣಿ ಕಡೆ ಹಾಕು ಅಂತ ಏಳನೆಯವಳಿಗೆ ಹೇಳಿದ್ದು ನೀವು. ಮುಂದಿನ ಸಲ ಕುರ್ಚಿಗೆ ಮೀಸಲಾತಿ ಇಲ್ಲ. ನಾನು ಗೆದ್ದು ಕೂತಿದ್ರೆ ಪಾರ್ಟಿ ನಿಮ್ಮನ್ನ ಕರೆಯಲ್ಲ. ಅಷ್ಟೇ ತಾನೆ?”

ಶಿವನಂಜಪ್ಪ ಒಂದು ಸಲ ಕೆಮ್ಮಿದರು. ಅದರ ಅರ್ಥ ಈಗ ಅವಳಿಗೆ ತಿಳಿಯಲಿಲ್ಲ.

“ಆಗಿದ್ದಾಯ್ತು,” ಎಂದರು. “ಹೆಂಗೂ ಅಂಗಡಿಗೆ ಹೋಗಿ ಬಂದಿದ್ದೀಯ, ಆ ಮಿಮಿಕ್ರಿ ಹುಡುಗ ಮಾಡ್ದ ಅಂದ್ಬಿಡು. ವಿಮಲ ನಂಬ್ತಾಳೆ. ಊರೂ ನಂಬ್ತದೆ. ನಿನ್ನ ಕುರ್ಚಿ ಉಳೀತದೆ, ನನ್ನ ಹೆಸರೂ ಉಳೀತದೆ.”

“ಅರುಣ್ ಹತ್ರ ಹೋಗಿದ್ದೆ ಅಂತ ನಿಮಗೆ ಯಾರು ಹೇಳಿದ್ರು?”

ಅಪ್ಪ ಅಂಗಳದ ಕಡೆ ನೋಡಿದರು. ಅಲ್ಲಿ ಕುಳ್ಳನ್ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ.

ನಿಮಿಷ ಒಳಗೆ ಹೋಗಿ ಮರಕ್ಕಡವಿಗೆ ಫೋನ್ ಮಾಡಿದಳು. “ವಿಮಲಕ್ಕ, ಆ ಮನುಷ್ಯ ಸಿಕ್ಕಿದ್ದಾರೆ. ನಾಳೆ ಸಭೇಲಿ ಹೆಸರು ಹೇಳ್ತೀನಿ.” ಅರುಣ್ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಎರಡೂವರೆ ಅಕ್ಷರದಷ್ಟು ಸುಲಭ. ಅವನ ಅಂಗಡಿಗೆ ನಾಲ್ಕು ಕಲ್ಲು ಬೀಳಬಹುದಿತ್ತು, ಅಷ್ಟೇ. ಹೇಳದೆ ಫೋನಿಟ್ಟಳು.

ಮರುದಿನ ಸಭಾಂಗಣದಲ್ಲಿ ಮೇಲಿನ ಅಧಿಕಾರಿ ನಿರ್ಣಯ ಓದಿದರು. ಉಣ್ಣಿ ಹೊಸ ಬಿಳಿ ಮುಂಡು ಉಟ್ಟು, ಗೆದ್ದವನ ನಗು ಮೊದಲೇ ಹೊತ್ತು ತಂದಿದ್ದ. ಹಿಂದಿನ ಬಾಗಿಲಲ್ಲಿ ಜನ. ಆ ಜನರ ಮುಂದೆ, ಶಾಲು ಹೊದ್ದ ಶಿವನಂಜಪ್ಪ.

ನಿಮಿಷ ಎದ್ದು ಮೊದಲು ಮಲಯಾಳದಲ್ಲಿ ಹೇಳಿದಳು, ಆಮೇಲೆ ವಿಮಲಕ್ಕನ ಕಡೆ ತಿರುಗಿ ಕನ್ನಡದಲ್ಲಿ: “ನಾನು ರಾಜೀನಾಮೆ ಕೊಡೋದಿಲ್ಲ. ಯಾರ ಜತೆಗೂ ರಾಜಿ ಮಾಡ್ಕೊಂಡಿಲ್ಲ. ಎರಡೂ ಸುಳ್ಳು. ಆ ಸುಳ್ಳು ಫೋನು ನಮ್ಮ ಮನೆಯಿಂದಲೇ ಹೋಗಿತ್ತು. ಮಾಡಿದ್ದು ನನ್ನ ಅಪ್ಪ. ಬೇರೆ ಯಾರೂ ಅಲ್ಲ.”

ಉಣ್ಣಿಯ ನಗು ಮುಂಡಿನಷ್ಟೇ ಬೆಳ್ಳಗಾಯಿತು.

“ಇದು ಅಪ್ಪ ಮಗಳ ನಾಟಕ!” ಎಂದು ಅವನು ಕೂಗಿದ.

ವಿಮಲಕ್ಕ ನಿಮಿಷಾಳ ಮುಖ ನೋಡಿದಳು. ಆಮೇಲೆ ಓಟು ಹಾಕಿದಳು. ಆರಕ್ಕೆ ಏಳು. ನಿರ್ಣಯ ಬಿತ್ತು, ನಿಮಿಷ ನಿಂತಳು.

ಹೊರಗೆ ಬಂದಾಗ ಶಿವನಂಜಪ್ಪನವರ ಮುಂದೆ ಎರಡು ಚಾನೆಲ್ಲಿನ ಮೈಕುಗಳಿದ್ದವು. ಮುಖದಲ್ಲಿ ಅವಮಾನದ ಗೆರೆಯೂ ಇರಲಿಲ್ಲ. “ಫೋನ್ ಮಾಡಿದ್ದು ನಿಜ,” ಎನ್ನುತ್ತಿದ್ದರು ಮಲಯಾಳದಲ್ಲಿ, “ನಮ್ಮವರು ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡಿದೆ. ಮಗಳೂ ಪಾಸು, ವಿಮಲಳೂ ಪಾಸು. ಇಂಥ ಮಗಳನ್ನ ಈ ನಾಡಿಗೆ ಕೊಟ್ಟವನು ನಾನಲ್ಲವೇ?” ಜನ ಚಪ್ಪಾಳೆ ತಟ್ಟಿದರು.

ವಿಮಲಕ್ಕ ನಿಮಿಷಾಳ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು. “ಮೋಳೇ, ನಿಜ ಹೇಳು. ಇಬ್ರೂ ಸೇರ್ಕೊಂಡು ಮಾಡಿದ್ದಾ ಇದು?”

“ಇಲ್ಲ ವಿಮಲಕ್ಕ. ಆಣೆ.”

“ನಿನ್ನ ಆಣೆ ನಿಂಗಾಯ್ತು. ಪಕ್ಷೇ ಅವರು? ನೀನು ಹಿಂಗೇ ಎದ್ದು ನಿಂತು ಹೇಳ್ತೀಯ ಅಂತ ಮೊದಲೇ ಗೊತ್ತಿದ್ದು ಮಾಡಿದ್ರೆ?”

ಅಪ್ಪನ ಮನಸ್ಸಿನ ಬಾಬ್ತು ಆಣೆ ಹಾಕಲು ನಿಮಿಷಾಳಿಗೆ ಆಗುವಂತಿರಲಿಲ್ಲ.

ಅಷ್ಟರಲ್ಲಿ ಶಿವನಂಜಪ್ಪ ಮೈಕುಗಳನ್ನು ಮುಗಿಸಿ ಜೀಪಿನ ಮುಂದಿನ ಸೀಟು ಹತ್ತಿ ಕೂತಿದ್ದರು. ಕುಳ್ಳನ್ ಬಾಗಿಲು ಹಾಕಿ ಗಾಡಿ ಸ್ಟಾರ್ಟ್ ಮಾಡಿದ್ದ.

ನಿಮಿಷ ಹೋಗಿ ಬಾಗಿಲು ತೆರೆದಳು. “ಇಳೀರಿ ಅಪ್ಪ. ಇದು ಪಂಚಾಯ್ತಿ ಗಾಡಿ. ಪುಲ್ಪಳ್ಳಿ ಬಸ್ಸು ಈಗ ಬರ್ತದೆ.”

ಶಿವನಂಜಪ್ಪ ಮಗಳನ್ನು ನೋಡಿದರು. ಒಂದು ಕ್ಷಣ, ಬರೀ ಒಂದು ಕ್ಷಣ, ಆ ಮುಖ ಮೈಕಿಲ್ಲದ ಮುಖವಾಯಿತು. ಆಮೇಲೆ ಶಾಲು ಸರಿಪಡಿಸಿಕೊಂಡು, ಎಲ್ಲರಿಗೂ ಕಾಣುವಂತೆ ನಿಧಾನವಾಗಿ ಇಳಿದರು.

“ಕಂಡಿರಾ?” ಎಂದರು ಜನರ ಕಡೆ ತಿರುಗಿ, ಅವಳ ಬೆನ್ನು ತಟ್ಟುತ್ತ. “ಅಪ್ಪನಿಗೂ ಲಿಫ್ಟ್ ಇಲ್ಲ! ಇದನ್ನೂ ನಾನೇ ಕಲಿಸಿದ್ದು.”

ಮತ್ತೆ ಚಪ್ಪಾಳೆ ಬಿತ್ತು. ಬಸ್‌ಸ್ಟಾಪಿನವರೆಗೂ ಜನ ಅವರ ಹಿಂದೆಯೇ ನಡೆದರು. ಜೀಪಿನ ಪಕ್ಕ ನಿಂತ ನಿಮಿಷ, ಬೆನ್ನ ಮೇಲೆ ಅಪ್ಪನ ಕೈ ಬಿದ್ದ ಜಾಗವನ್ನು ಮುಟ್ಟಿ ನೋಡಿಕೊಂಡು, ಡ್ರೈವರಿನ ಕಡೆ ಕೈ ಚಾಚಿದಳು.

“ಕೀ ಕೊಡು ಕುಳ್ಳಾ. ಇವತ್ತು ನಾನೇ ಓಡಿಸ್ತೀನಿ.”

ಕುಳ್ಳನ್ ಕೀ ಕೊಡುವ ಮುಂಚೆ ಒಮ್ಮೆ ಬಸ್‌ಸ್ಟಾಪಿನ ಕಡೆ ನೋಡಿದ.