ನಾಲ್ಕನೆಯ ಜರಿಪಟ್ಟಿ

ಕುವೈತಿನ ಖೈತಾನ್ ಬಡಾವಣೆಯ ತನ್ನ ಅಂಗಡಿಯಲ್ಲಿ ದರ್ಜಿ ರಾಯಪ್ಪ ಅಮೆರಿಕದ ನೌಕಾಪಡೆಯ ಕ್ಯಾಪ್ಟನ್ ಹಾಲ್ಕಂ ಅವರ ಕಪ್ಪು ಕೋಟನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದ. ನಾಳೆ ಸಾಹೇಬರ ನಿವೃತ್ತಿ ಸಮಾರಂಭ. ತೋಳಿನ ಜರಿಪಟ್ಟಿಗಳು ಕಡಲ ಗಾಳಿಗೆ ಕಂದಿಹೋಗಿದ್ದವು. ನಾಲ್ಕನ್ನೂ ಹೊಸದು ಮಾಡಬೇಕಿತ್ತು.

ಆ ಮನುಷ್ಯನ ನೌಕರಿಯೆಲ್ಲ ರಾಯಪ್ಪನ ಸೂಜಿಯ ಕೆಳಗೇ ಹಾದುಹೋಗಿತ್ತು. ಮೊದಲು ಕುವೈತಿಗೆ ಬಂದಾಗ ಎರಡು ಪಟ್ಟಿಯ ಲೆಫ್ಟಿನೆಂಟ್. ಬಾಯಿತುಂಬ ಮಾತು, ನಗು. ಮತ್ತೆ ಬಂದಾಗ ಮೂರು ಪಟ್ಟಿಯ ಕಮಾಂಡರ್. ಎದೆಯ ಮೇಲೆ ಪದಕಗಳ ಸಾಲು ಏರುತ್ತ ಹೋಯಿತು, ಮಾತು ಇಳಿಯುತ್ತ ಬಂತು. ಮೇಲಿನ ಸಾಲಿನದು ಯಾವುದಕ್ಕೆ ಕೊಟ್ಟದ್ದೆಂದು ರಾಯಪ್ಪ ಒಮ್ಮೆ ಕೇಳಿದ್ದ.

"ಹೊತ್ತಿ ಉರಿಯೋ ದೋಣಿಯಿಂದ ಹನ್ನೊಂದು ಜನರನ್ನ ಎಳೆದೆ, ಮಾಸ್ಟರ್. ದೋಣಿಯಲ್ಲಿ ಹದಿಮೂರು ಜನ ಇದ್ದರು" ಎಂದಿದ್ದರು ಸಾಹೇಬರು.

ನಾಲ್ಕನೆಯ ಪಟ್ಟಿ, ಕ್ಯಾಪ್ಟನ್ ಪದವಿಯದು, ರಾಯಪ್ಪನ ಮಗ ವಿವೇಕ ಹೊಲಿದದ್ದು. ಅವನು ಎಡಚ, ಅವನ ಹೊಲಿಗೆ ಅಪ್ಪನದಕ್ಕೆ ಎದುರಾಗಿ ವಾಲುತ್ತಿತ್ತು. ಅದಕ್ಕಾಗಿ ರಾಯಪ್ಪ ಎಷ್ಟು ಬೈದಿದ್ದ! ಕಳೆದ ಶ್ರಾವಣದಲ್ಲಿ ಸುಲೈಬಿಯಾ ಹಾದಿಯಲ್ಲಿ ಲಾರಿ ಹಾಯ್ದು ಮಗ ಲಿಂಗೈಕ್ಯನಾದ. ಅವನು ಹೊಲಿದದ್ದೆಲ್ಲ ಗಿರಾಕಿಗಳ ಜೊತೆ ಹೋಗಿತ್ತು. ಕೈಗೆ ಮರಳಿ ಬಂದದ್ದು ಇದೊಂದೇ.

ಮೂರು ಪಟ್ಟಿ ಹೊಸದಾದವು. ನಾಲ್ಕನೆಯದಕ್ಕೆ ಕತ್ತರಿ ತಾಗಿಸಲು ಆಗಲಿಲ್ಲ.

"ಏನ್ರೀ ಇದು, ಮೂರು ಹೊಸಾವು, ಒಂದು ಹಳೇದು?" ಗುಂಡಿ ಹಚ್ಚುತ್ತಿದ್ದ ಹೆಂಡತಿ ಮಂಗಳಾ ಕೇಳಿದಳು. "ಸಾಹೇಬ್ರನ್ನ ನೋಡಿ ಮಂದಿ ನಗಬೇಕೇನು?"

"ನಗಲಿ ಬಿಡು. ಅದು ಯಾರ ಕೈ ಹೊಲಿಗಿ ಅಂತ ನಿನಗ ಗೊತ್ತಿಲ್ಲೇನು?"

ಮಂಗಳಾ ತಲೆ ತಗ್ಗಿಸಿ ಗುಂಡಿ ಹಚ್ಚತೊಡಗಿದಳು.

ಸಂಜೆ ಕ್ಯಾಪ್ಟನ್ ಬಂದು ತೋಳನ್ನು ಬೆಳಕಿಗೆ ಹಿಡಿದರು. "ಮಾಸ್ಟರ್, ಒಂದು ಬಿಟ್ಟಿದ್ದೀರಿ."

ರಾಯಪ್ಪ ತನ್ನ ಮುರುಕು ಇಂಗ್ಲಿಷಿನಲ್ಲಿ ಇದ್ದದ್ದನ್ನು ಹೇಳಿದ. ಕ್ಯಾಪ್ಟನ್ ಆ ಮಾಸಿದ ಜರಿಯ ಮೇಲೆ ಬೆರಳಾಡಿಸಿದರು.

"ಹಾಗೇ ತೊಡ್ತಿದ್ದೆ. ಆದರೆ ನಾಳೆ ಎದುರಿಗೆ ನಿಲ್ಲೋ ನಾವಿಕ ಹುಡುಗರನ್ನೇ, ಪಟ್ಟಿ ಮಾಸಿದೆ ಅಂತ ಎಷ್ಟೋ ಸಲ ಸಾಲಿನಿಂದ ಹೊರಗೆ ನಿಲ್ಲಿಸಿದವನು ನಾನು. ಬಿಚ್ಚಿ, ಮಾಸ್ಟರ್. ಇಲ್ಲೇ ಕೂತಿರ್ತೀನಿ."

ಸ್ಟೂಲು ಎಳೆದುಕೊಂಡು ಕುಳಿತೇಬಿಟ್ಟರು. ಮಂಗಳಾ ಚಹಾ ತಂದಿಟ್ಟಳು.

ರಾಯಪ್ಪ ಕೊರಳ ಲಿಂಗವನ್ನು ಮುಟ್ಟಿಕೊಂಡು ಒಂದೊಂದೇ ಎಳೆ ಬಿಚ್ಚಿದ. ಜರಿ ಎದ್ದು ಬಂದಾಗ ಉಣ್ಣೆಯ ಮೇಲೆ ಸೂಜಿಯ ತೂತುಗಳು ಉಳಿದಿದ್ದವು, ಅದೇ ಓರೆಯಲ್ಲಿ. ಅವನು ಸೂಜಿಯನ್ನು ಎಡಗೈಗೆ ತೆಗೆದುಕೊಂಡ. ಹೊಸ ಪಟ್ಟಿಯ ಅಂಚನ್ನು ಹಿಡಿದು, ಮಗ ಚುಚ್ಚಿದ ಮೊದಲ ತೂತಿನಲ್ಲೇ ಸೂಜಿ ಇಳಿಸಿದ. ರೂಢಿಯಿಲ್ಲದ ಎಡಗೈ ಮಾತು ಕೇಳಲಿಲ್ಲ.

"ತಡ ಆಗ್ತದ, ಸಾಬ್."

"ಆಗಲಿ" ಎಂದರು ಕ್ಯಾಪ್ಟನ್.