ಒಬ್ಬಳೇ ಉಡಚಮ್ಮ

ಮಲ್ಲಿಕಾರ್ಜುನಪ್ಪನಿಗೆ ಜನ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕಂಪ್ಯೂಟರ್ ಕಲಿತ ಮೇಲಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಆ ಜಾತಿ. ಎಂಬತ್ತೆಂಟರಲ್ಲಿ ಹೊನ್ನಾಳಿಯ ಸಂಘವೊಂದು, ಹೊಳೆ ನುಗ್ಗಿ ಮನೆ ಕಳೆದುಕೊಂಡವರಿಗೆ ಹೊಸ ಮನೆ ಹಂಚಲು ಹೊರಟು, ಶಿವಮೊಗ್ಗದಿಂದ ಒಂದು ಕಂಪ್ಯೂಟರನ್ನೂ ಜೊತೆಗೆ ಈ ಮಹಾಶಯನನ್ನೂ ತರಿಸಿಕೊಂಡಿತು. ಅರ್ಜಿ ತುಂಬುವ ಪ್ರೋಗ್ರಾಂ ಬರೆದವನು ಅವನೇ.

ಮೊದಲ ವಾರ ಟೈಪ್ ಮಾಡುವವರು ಬಾಯಿಗೆ ಬಂದದ್ದನ್ನೆಲ್ಲ ತುರುಕಿದರು. ವಯಸ್ಸಿನ ಜಾಗದಲ್ಲಿ 'ಗೊತ್ತಿಲ್ಲ'. ಮನೆಮಂದಿಯ ಲೆಕ್ಕದಲ್ಲಿ ಎಮ್ಮೆಗಳೂ ಸೇರಿದ್ದವು.

"ಥೂ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!" ಎಂದು ಉಗಿದು ಮಲ್ಲಿಕಾರ್ಜುನಪ್ಪ ಒಂದೊಂದು ಖಾನೆಗೂ ಕಾವಲು ಹಾಕಿದ. ಅಂಕಿಯ ಕಡೆ ಅಕ್ಷರ ಒತ್ತಿದರೆ ಕೂಂಯ್. ಖಾಲಿ ಬಿಟ್ಟರೆ ಕೂಂಯ್. ಹೆಸರು, ತಂದೆಯ ಹೆಸರು, ಊರು ಮೂರೂ ಹಳೆಯ ಅರ್ಜಿಯೊಂದಕ್ಕೆ ಹೊಂದಿದರೆ ಕೂಗು ನಿಲ್ಲುವುದೇ ಇಲ್ಲ, ಅದು ಎರಡನೇ ಮನೆ ಹೊಡೆಯಲು ಬಂದ ಕಳ್ಳರಿಗೆ.

"ಇನ್ನು ಒಬ್ಬ ಬೋಗಸ್ ಒಳಗೆ ಬರಲಿ ನೋಡೋಣ ಸಾರ್. ನನ್ನ ಪ್ರೋಗ್ರಾಂ ತಪ್ಪೋ ಮಾತೇ ಇಲ್ಲ" ಅಂದ, ಸಂಘದ ಅಧ್ಯಕ್ಷ ಷಣ್ಮುಖಪ್ಪನವರಿಗೆ.

"ಹೌದೇನ್ರೀ! ಹಂಗಾದ್ರೆ ನಾಳೆ ಸಭೆಯಾಗೆ ಹೇಳ್ರಿ. ಎಷ್ಟು ಕಳ್ಳರನ್ನ ಹಿಡಿದ್ರಿ?"

ಹಿಡಿದದ್ದು ಸೊನ್ನೆ.

ಆ ಮಧ್ಯಾಹ್ನವೇ ಹೊಳೆದಂಡೆಯ ಹಟ್ಟಿಯಿಂದ ಅಕ್ಕತಂಗಿಯರಿಬ್ಬರು ಬಂದು ನಿಂತರು. ಅಕ್ಕನ ಅರ್ಜಿ ಒಳಗೆ ಹೋಗಿತ್ತು. ತಂಗಿಯದಕ್ಕೆ ಕಂಪ್ಯೂಟರ್ ಪೆಟ್ಟಿಗೆ ಅರಚುತ್ತಿತ್ತು. ತಂಗಿಯ ಕಂಕುಳಲ್ಲಿ ಕೂಸು. ಹೊಳೆ ಬಂದಾಗಿನಿಂದ ಅವಳ ಸಂಸಾರ ಶಾಲೆಯ ಜಗುಲಿಯ ಮೇಲೆ.

"ನಾನು ದೊಡ್ಡುಡಚಮ್ಮ, ಇವಳು ಸಣ್ಣುಡಚಮ್ಮ" ಅಂದಳು ಅಕ್ಕ. "ನಮ್ಮವ್ವ ಹೆತ್ತಾವೆಲ್ಲ ಸಾಯ್ತಿದ್ವು ಸ್ವಾಮಿ. ಊರಮ್ಮ ಉಡಚವ್ವಗೆ ಹರಕೆ ಕಟ್ಕಂಡ ಮ್ಯಾಲೆ ನಾವಿಬ್ರೇ ಉಳಿದಿದ್ದು. ಆಯಮ್ಮನ ಹೆಸರು ಬಿಟ್ಟು ಬ್ಯಾರೆ ಇಡಾಕೆ ಆಗುತ್ತೇನ್ರಿ?"

"ದೊಡ್ಡದು ಸಣ್ಣದು ಅಂತ ರೇಷನ್ ಕಾರ್ಡಲ್ಲಿ ಎಲ್ಲೈತೆ? ಎರಡರಲ್ಲೂ ಬರೀ ಉಡಚಮ್ಮ, ತಂದೆ ಮಾರಪ್ಪ. ಕಾರ್ಡಲ್ಲಿ ಇದ್ದಂಗೇ ಹೊಡೀಬೇಕು" ಅಂದ ಮಲ್ಲಿಕಾರ್ಜುನಪ್ಪ.

"ಇಬ್ರೂ ನಿಮ್ಮ ಎದುರಿಗೇ ನಿಂತೀವಲ್ರಿ!"

"ನಾನು ನೋಡಿದ್ರೆ ಆಗಲ್ಲಮ್ಮ. ಕಂಪ್ಯೂಟರ್ ಒಪ್ಪಬೇಕು."

ಆಹಾ, ಏನು ಮಾತು! ಒಪ್ಪದಂತೆ ಅದಕ್ಕೆ ಹೇಳಿಕೊಟ್ಟವನು ಇವನೇ ತಾನೆ? ವಯಸ್ಸನ್ನೂ ಹೋಲಿಸು ಎಂದು ಒಂದು ಸಾಲು ಸೇರಿಸಿದ್ದರೆ ಮುಗಿಯುತ್ತಿತ್ತು, ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಅವನಿಗೂ ಅದು ಹೊಳೆಯಿತು. ಆದರೆ ತಪ್ಪೇ ಇಲ್ಲ ಎಂದು ಕೊಚ್ಚಿಕೊಂಡ ಪ್ರೋಗ್ರಾಮನ್ನು ಹಟ್ಟಿಯ ಹೆಂಗಸರ ಮಾತು ಕೇಳಿ ತಿದ್ದುವುದೇ? ಮೇಲಾಗಿ ನಾಳೆಗೆ ಒಬ್ಬ ಕಳ್ಳ ಬೇಕಿತ್ತು.

"ಎರಡರಲ್ಲಿ ಒಂದೇ ಉಳಿಯೋದು. ಯಾವುದು ಅಂತ ನೀವೇ ಹೇಳ್ರಿ" ಅಂದ.

ತಂಗಿ ಅಳಲು ಶುರುಮಾಡಿದಳು. ಅಕ್ಕ ಅವಳ ತೋಳು ಹಿಡಿದು ಸುಮ್ಮನಾಗಿಸಿದಳು.

"ನಂದು ಅಳಿಸ್ರಿ. ಮಕ್ಕಳೊಂದಿಗಳು, ಅವಳಿಗಾಗ್ಲಿ. ನಾನು ಅವಳ ಮನಿಯಾಗೇ ಒಂದು ಮೂಲ್ಯಾಗೆ ಬಿದ್ದಿರ್ತೀನಿ. ಆದ್ರೆ ಅಳಿಸಾಗ ನನ್ನ ಮಕ ನೋಡ್ಕೆಂಡು ಅಳಿಸ್ರಿ ಸ್ವಾಮಿ."

ಮಲ್ಲಿಕಾರ್ಜುನಪ್ಪ ಕೀಲಿಮಣೆಯನ್ನೇ ನೋಡುತ್ತ ಅಳಿಸಿದ. ತಂಗಿಯ ವಿವರ ಹೊಡೆದ. ಪೆಟ್ಟಿಗೆ ತುಟಿಪಿಟಕ್ ಅನ್ನಲಿಲ್ಲ.

ಮಾರನೇ ದಿನ ಸಭೆಯಲ್ಲಿ ಎದೆಯುಬ್ಬಿಸಿ ನಿಂತು, ಒಂದು ಬೋಗಸ್ ಅರ್ಜಿ ಹಿಡಿದು ತೆಗೆದುಹಾಕಿದ್ದೇನೆ ಎಂದ. ಚಪ್ಪಾಳೆಯೋ ಚಪ್ಪಾಳೆ.

"ಯಾರ್ರೀ ಆ ಕಳ್ಳ?" ಎಂದರು ಷಣ್ಮುಖಪ್ಪ.

"ಉಡಚಮ್ಮ ಅಂತ ಸಾರ್. ತಂದೆ ಮಾರಪ್ಪ."

ಷಣ್ಮುಖಪ್ಪ ಮುಂದಿದ್ದ ಪಟ್ಟಿಯ ಮೇಲೆ ಬೆರಳಾಡಿಸಿದರು. "ಏನ್ರೀ ಇದು, ಅವಳ ಹೆಸರು ಇಲ್ಲಿ ಇನ್ನೂ ಐತಲ್ಲ! ಮೋಸ ಮಾಡಾಕೆ ಬಂದೋಳಿಗೆ ಮನೆ ಬ್ಯಾರೆ ಕೊಡಬೇಕೇನ್ರಿ? ಇದನ್ನೂ ತೆಗೀರಿ."

ಸಭೆಯೆಲ್ಲ ಹೌದು ಹೌದು ಎಂದಿತು. ಮಲ್ಲಿಕಾರ್ಜುನಪ್ಪ ಬಾಯಿ ತೆರೆದ. ಅವರು ಇಬ್ಬರು, ನಾನೇ ಕಣ್ಣಾರೆ ಕಂಡಿದ್ದೇನೆ ಎನ್ನಬೇಕಿತ್ತು, ಅಷ್ಟೆ. ಅಂದಿದ್ದರೆ ಅವನ ಪ್ರೋಗ್ರಾಂ ಅಲ್ಲೇ ಸುಳ್ಳಾಗುತ್ತಿತ್ತು.

"ತೆಗೀತೀನಿ ಸಾರ್" ಅಂದ.